ಎಚ್ಚರದ ಮಾತ್ರೆ ವಿತರಣಾ ಸಮಿತಿ

ಎರಡು ಸಾವಿರದ ಐದನೆಯ ಇಸವಿ ಮಾರ್ಚ್ ತಿಂಗಳ ಹದಿನೆಂಟನೆಯ ತಾರೀಖು ಶುಕ್ರವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯೊಳಗೆ, ಮೂಡಿಗೆರೆ ಹೊರವಲಯದ ಜ್ಞಾನಗಿರಿ ಪ್ರಥಮ ದರ್ಜೆ ಕಾಲೇಜಿನ ಹಾಸ್ಟೆಲಿನಲ್ಲಿದ್ದ ನಲವತ್ತೊಂದು ಹುಡುಗರ ಪೈಕಿ ಮೂವತ್ತಾರು ಮಂದಿಗೆ ನಿದ್ರಾರೋಗವಿದೆಯೆಂದು ವೈದ್ಯಕೀಯವಾಗಿ ದೃಢಪಟ್ಟಿತು. ಉಳಿದ ಐವರು ಕಳಸದ ಕಡೆಯವರು. ಅಂದು ಊರಿನಿಂದ ಮರಳುವಾಗ ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದ್ದರಿಂದ ಅವರು ಆರೋಗ್ಯವಂತರಾಗಿಯೇ ಉಳಿದುಹೋದರು.

ಈ ವಿಷಯದಲ್ಲಿ ಅಧಿಕೃತವಾಗಿ ಮಾತಾಡುವ ಅರ್ಹತೆ ನನಗಿದೆ. ಕಾಲೇಜಿನ ಕನ್ನಡ ಅಧ್ಯಾಪಕ, ಹಾಸ್ಟೆಲಿನ ವಾರ್ಡನ್, ಎಚ್ಚರದ ಮಾತ್ರೆ ವಿತರಣಾ ಸಮಿತಿಯ ಸಂಚಾಲಕ, ಮುಂದೆ ಆ ಸಮಿತಿಯ ಮೇಲೆಯೇ ನೇಮಕವಾದ ಏಕಸದಸ್ಯ ವಿಚಾರಣಾ ಆಯೋಗ, ಈ ನಾಲ್ಕೂ ನಾನೇ. ಹೆಸರು ಗಂಗಾಧರಪ್ಪ. ಸುತ್ತೋಲೆ ಬರೆಯುವುದರಲ್ಲಿ ಈ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಮಾತಿದೆ. ಮಾತು ನನ್ನದೇ.

ಇದೆಲ್ಲ ಶುರುವಾದದ್ದು ನಮ್ಮ ಅಡುಗೆಯ ಭೂತಯ್ಯನಿಂದ. ಭೂತಯ್ಯನಿಗೆ ಕೂತಲ್ಲಿ, ನಿಂತಲ್ಲಿ, ಮಾತಾಡುತ್ತಿದ್ದ ಹಾಗೆಯೇ ನಿದ್ದೆ ಬಂದುಬಿಡುವ ಕಾಯಿಲೆ ಇತ್ತು. ನಾವೆಲ್ಲ ಅದನ್ನು ಸೋಮಾರಿತನ ಎಂದು ತಿಳಿದಿದ್ದೆವು. ನಾನೇ ಎರಡು ಸಲ ಅವನಿಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದೆ. ಎರಡನೆಯದನ್ನು ಓದುತ್ತಿರುವಾಗಲೇ ಅವನು ನಿದ್ದೆಹೋದ. ಕೊನೆಗೆ ಚಿಕ್ಕಮಗಳೂರಿನ ಒಬ್ಬ ತಜ್ಞ ವೈದ್ಯರು ಪರೀಕ್ಷೆ ಮಾಡಿಸಿ, ಇದು ನಿಜವಾದ ರೋಗ ಎಂದು ಹೇಳಿ, ದಿನಕ್ಕೊಂದರಂತೆ ಬಿಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ಶುರುವಾದ ಮೇಲೆ ಭೂತಯ್ಯ ಬೇರೆಯೇ ಮನುಷ್ಯನಾದ. ಸಾರಿನಲ್ಲಿ ಉಪ್ಪು ಒಂದೇ ಸಲ ಬೀಳತೊಡಗಿತು.

ಆ ವರ್ಷ ದರ್ಶನ್ ಎಂಬ ಹುಡುಗ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದ. ಬಾಳೂರಿನ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ ತಿಮ್ಮಪ್ಪನವರ ಮಗ. ಮಾತು ಕಡಿಮೆ. ಊಟವಾದ ಮೇಲೆ ತಟ್ಟೆ ತೊಳೆದಿಡುವ ಏಕೈಕ ವಿದ್ಯಾರ್ಥಿ. ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲವೆಂದು ಅಡುಗೆಮನೆಯ ಬಾಗಿಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದವನನ್ನು ನೋಡಿ ಭೂತಯ್ಯನಿಗೆ ಕರುಳು ಚುರ್ ಎಂದಿತು.

"ಓದ್ಲಿಕ್ಕೆ ಕೂತ್ರೆ ಕಣ್ಣು ಎಳೀತದೆ ಭೂತಯ್ಯ," ಎಂದನಂತೆ ಹುಡುಗ.

"ಅದಕ್ಕೆ ನನ್ನ ಹತ್ರ ಮದ್ದುಂಟು ಮಾರಾಯ. ಒಂದೇ ಒಂದು ತಗೋ. ಯಾರಿಗೂ ಹೇಳ್ಬೇಡ."

ದರ್ಶನ್ ಯಾರಿಗೂ ಹೇಳಲಿಲ್ಲ. ಆದರೆ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತಾರು ಅಂಕ ಬಂದದ್ದು ನೋಟಿಸ್ ಬೋರ್ಡಿನಲ್ಲಿ ಕಂಡಿತು. ಹುಡುಗರು ಕಾರಣ ಹುಡುಕಿದರು. ಹುಡುಗರು ಪಠ್ಯಪುಸ್ತಕದಲ್ಲಿ ಏನನ್ನೂ ಹುಡುಕಲಾರರು, ಅಡುಗೆಮನೆಯಲ್ಲಿ ಹುಡುಕಬಲ್ಲರು. ಎರಡೇ ದಿನದಲ್ಲಿ ಭೂತಯ್ಯನ ತಿಂಗಳ ಮಾತ್ರೆ ಖಾಲಿಯಾಯಿತು. ಮೂರನೆಯ ದಿನ ಅವನು ಕುದಿಯುವ ಸಾಂಬಾರಿನ ಮುಂದೆ ನಿಂತಲ್ಲೇ ನಿದ್ದೆಹೋಗಿ, ಬಲಗೈ ಸುಟ್ಟುಕೊಂಡ.

ವಾರ್ಡನ್ ಆಗಿ ನಾನು ತನಿಖೆ ಮಾಡಿ, ಮೂರು ಪುಟದ ವರದಿ ಬರೆದು, ಪ್ರಿನ್ಸಿಪಾಲ್ ದೇವರಾಜ ಅವರ ಮೇಜಿನ ಮೇಲಿಟ್ಟೆ. ಇನ್ನೊಬ್ಬರ ಔಷಧಿ ತಿನ್ನುವುದು ಅಪಾಯ, ಇದನ್ನು ಕೂಡಲೇ ನಿಲ್ಲಿಸಬೇಕು ಎಂಬುದು ವರದಿಯ ಸಾರ. ದೇವರಾಜ ಅವರು ಎರಡು ಸಲ ಓದಿದರು.

"ನಲವತ್ತಾರಾ?" ಎಂದರು.

"ಹೌದು ಸಾರ್. ಆದರೆ ಭೂತಯ್ಯನ ಕೈ..."

"ಅದಕ್ಕೆ ಮೊದಲು ಆ ಹುಡುಗನಿಗೆ ಎಷ್ಟು ಬರ್ತಿತ್ತು?"

"ಹದಿನೇಳು, ಹದಿನೆಂಟು."

ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಕಾಫಿ ಹೂ ಬಿಟ್ಟಿತ್ತು. ಹಿಂದಿನ ವರ್ಷ ನಮ್ಮ ಕಾಲೇಜಿನ ಫಲಿತಾಂಶ ಶೇಕಡ ಇಪ್ಪತ್ತಮೂರು. ಈ ಸಲ ಐವತ್ತು ದಾಟದಿದ್ದರೆ ಮಾನ್ಯತೆ ಮುಂದುವರಿಸುವುದು ಕಷ್ಟ ಎಂದು ಮೇಲಿನಿಂದ ಪತ್ರ ಬಂದಿತ್ತು.

"ಗಂಗಾಧರಪ್ಪನವರೇ, ನಿಮ್ಮ ವರದಿಯಲ್ಲಿ ಒಂದು ತಪ್ಪಿದೆ. ಔಷಧಿಯನ್ನು ಚೀಟಿ ಇಲ್ಲದೆ ತಗೊಂಡ್ರೆ ದುರ್ಬಳಕೆ. ಚೀಟಿ ಇದ್ರೆ ಚಿಕಿತ್ಸೆ. ನಾವು ಚಿಕಿತ್ಸೆ ಮಾಡೋಣ."

ನಾನು ವಿರೋಧಿಸಿದೆನೇ ಎಂದು ಮುಂದೆ ಅನೇಕರು ಕೇಳಿದ್ದಾರೆ. ವಿರೋಧಿಸಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಇದಕ್ಕೊಂದು ಸಮಿತಿ ಬೇಕು. ನಿಯಮಾವಳಿ ಬೇಕು. ನಿಮ್ಮ ಹಾಗೆ ಬರೆಯೋರು ಇನ್ನು ಯಾರಿದ್ದಾರೆ," ಎಂದರು. ತೆರೆದ ಬಾಯಿಂದ "ಆಗಲಿ ಸಾರ್" ಎಂದು ಬಂತು.

ಪೇಟೆಯ ಮೆಡಿಕಲ್ ಶಾಪಿನ ಸಫ್ದರ್ ಸಾಹೇಬರ ಬಳಿ ಹೋದೆ. ಅವರು ತಲೆಯಾಡಿಸಿದರು. "ಚೀಟಿ ಇಲ್ದೆ ಇದನ್ನ ಕೊಡೋ ಹಾಗಿಲ್ಲ ಸಾರ್. ಕಡ್ಲೆ ಮಿಠಾಯಿ ಅಲ್ಲ ಇದು. ಎದೆಗೆ, ತಲೆಗೆ ಎರಡಕ್ಕೂ ಹೊಡೀತದೆ."

ಹೀಗಾಗಿ ಚೀಟಿಯ ವ್ಯವಸ್ಥೆಯಾಯಿತು. ನಮ್ಮ ಆಡಳಿತ ಮಂಡಳಿಯ ಉಪಾಧ್ಯಕ್ಷೆ ಡಾಕ್ಟರ್ ಪ್ರೇಮಕುಮಾರಿ ಅವರು ನಿವೃತ್ತರಾಗಿ ಬಣಕಲ್ ಹತ್ತಿರದ ತಮ್ಮ ತೋಟದಲ್ಲಿದ್ದರು. ಹುಡುಗರನ್ನು ಸಾಲಾಗಿ ಅಲ್ಲಿಗೆ ಕರೆದೊಯ್ದೆ. ಕಣದಲ್ಲಿ ಮೆಣಸು ಒಣಗುತ್ತಿತ್ತು. ಡಾಕ್ಟರಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಒಂದು ಕಣ್ಣು ಮೆಣಸಿಗೆ ಬರುವ ಕೋಳಿಗಳ ಮೇಲೆ, ಇನ್ನೊಂದು ಕಣ್ಣು ರೋಗಿಗಳ ಮೇಲೆ ಇಟ್ಟು ಪರೀಕ್ಷೆ ಆರಂಭಿಸಿದರು. ಮೊದಲನೆಯವನು ಮೋಹಿತ್ ಎಂಬ ಎರಡನೇ ವರ್ಷದ ಹುಡುಗ.

"ಹಗಲು ಹೊತ್ತು ನಿದ್ದೆ ಬರ್ತದಾ?"

"ಬರ್ತದೆ ಮೇಡಂ."

"ತಡೆಯೋಕೆ ಆಗದ ಹಾಗೆ?"

"ಹೌದು."

"ಯಾವ ಹೊತ್ತಲ್ಲಿ?"

ಮೋಹಿತ್ ನನ್ನ ಕಡೆ ನೋಡಿದ. ನಾನು ಕೋಳಿಗಳ ಕಡೆ ನೋಡಿದೆ. "ಗಂಗಾಧರಪ್ಪ ಸಾರ್ ಹಳಗನ್ನಡ ಮಾಡುವಾಗ," ಎಂದ.

ಡಾಕ್ಟರಮ್ಮ ಬರೆದುಕೊಂಡರು. ಅನಂತರ ಬಂದ ಮೂವತ್ತೈದು ಹುಡುಗರೂ, ಒಬ್ಬರಿಗೊಬ್ಬರು ಹೇಳಿಕೊಡದೆ, ಇದೇ ರೋಗಲಕ್ಷಣವನ್ನು ಇದೇ ಕಾರಣದೊಡನೆ ತಿಳಿಸಿದರು. ನನ್ನ ತರಗತಿಯನ್ನು ಅಂದಿನ ಮೂವತ್ತಾರು ದೃಢೀಕರಣ ಪತ್ರಗಳಲ್ಲೂ ರೋಗದ ಪ್ರಚೋದಕ ಎಂದು ನಮೂದಿಸಲಾಗಿದೆ. ಇಪ್ಪತ್ತೆರಡು ವರ್ಷಗಳ ನನ್ನ ಸೇವೆಯಲ್ಲಿ ವಿದ್ಯಾರ್ಥಿಗಳ ಮೇಲೆ ನಾನು ಬೀರಿದ ಪರಿಣಾಮದ ಬಗ್ಗೆ ಇರುವ ಏಕೈಕ ಲಿಖಿತ ದಾಖಲೆ ಅದು.

ನಿಯಮಾವಳಿ ಬರೆಯುವ ಮೊದಲು ಮಾತ್ರೆಯ ಗುಣ ತಿಳಿದಿರಬೇಕೆಂದು ನಾನೂ ಒಂದು ನುಂಗಿದೆ. ಹೊಲ ಮೇಯುವ ಬೇಲಿ ರುಚಿಯನ್ನಾದರೂ ನೋಡಬೇಡವೇ. ನಿಜ ಹೇಳಬೇಕೆಂದರೆ, ಹನ್ನೊಂದು ವರ್ಷದಿಂದ ಅರ್ಧಕ್ಕೆ ನಿಂತ ನನ್ನ ಪಿಎಚ್.ಡಿ. ಪ್ರಬಂಧ ಒಂದೇ ಏಟಿಗೆ ಮುಗಿದೀತು ಎಂಬ ಆಸೆಯೂ ಇತ್ತು. ಭಾನುವಾರ ಬೆಳಿಗ್ಗೆ ಕೂತವನು ಸಂಜೆಯವರೆಗೆ ಏಳಲಿಲ್ಲ. ನೀರು ಬೇಡ, ಊಟ ಬೇಡ. ಜಗತ್ತಿನಲ್ಲಿ ನಾನು ಮತ್ತು ನನ್ನ ಪೆನ್ನು ಇಬ್ಬರೇ. ಕತ್ತಲಾಗುವ ಹೊತ್ತಿಗೆ ನೋಡಿದರೆ ಪ್ರಬಂಧದಲ್ಲಿ ಒಂದು ಅಕ್ಷರವೂ ಮುಂದೆ ಹೋಗಿರಲಿಲ್ಲ. ಅದರ ವಿಷಯಸೂಚಿಯನ್ನು ಮಾತ್ರ ಒಂಬತ್ತು ಸಲ, ಒಂಬತ್ತು ವಿಧದ ಅಂಚುಪಟ್ಟಿ ಹಾಕಿ, ಚೆಂದವಾಗಿ ಬರೆದಿಟ್ಟಿದ್ದೆ. ನನ್ನ ಹೆಂಡತಿ ಸಿದ್ದಗಂಗಮ್ಮ ದೀಪ ಹಾಕಿ, "ಬೆಳಿಗ್ಗೆಯಿಂದ ಹಲ್ಲು ಕಡೀತಾ ಇದ್ದೀರಿ. ಏನು ತಿಂದ್ರಿ?" ಎಂದು ಕೇಳಿದಳು. ನಾನು ಅವಳ ಮೇಲೆ ರೇಗಿದೆ. ಮದುವೆಯಾದಾಗಿನಿಂದ ಅವಳ ಮೇಲೆ ರೇಗುವ ಧೈರ್ಯ ನನಗೆ ಬಂದದ್ದು ಅದೊಂದೇ ದಿನ.

ಇದರಿಂದ ನಾನು ಪಾಠ ಕಲಿಯಬೇಕಿತ್ತು. ಕಲಿತೆ ಕೂಡ. ನಿಯಮಾವಳಿಯಲ್ಲಿ ಹೀಗೆ ಸೇರಿಸಿದೆ:

"ನಿಯಮ ೭: ಮಾತ್ರೆ ಸೇವಿಸಿದ ವಿದ್ಯಾರ್ಥಿಯು ಪಠ್ಯಕ್ರಮದಲ್ಲಿರುವ ವಿಷಯದ ಮೇಲೆ ಮಾತ್ರ ಏಕಾಗ್ರತೆ ಹೊಂದತಕ್ಕದ್ದು.

ನಿಯಮ ೧೧: ಎದೆಬಡಿತವು ಮಿತಿಮೀರಿದಲ್ಲಿ ವಾರ್ಡನ್ನರ ಪೂರ್ವಾನುಮತಿ ಪಡೆದಿರತಕ್ಕದ್ದು.

ನಿಯಮ ೧೪: ಈ ಸೌಲಭ್ಯವು ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯವಾಗತಕ್ಕದ್ದು."

ಹದಿನಾಲ್ಕನೆಯ ನಿಯಮದ ಬಗ್ಗೆ ಒಂದು ಮಾತು. ಮೂವತ್ತಾರು ಚೀಟಿಗಳನ್ನು ಒಟ್ಟಿಗೆ ಕಂಡಾಗ ಸಫ್ದರ್ ಸಾಹೇಬರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಚೀಟಿಗಳಲ್ಲಿ ಸಹಿ ಇತ್ತು, ಮೊಹರಿತ್ತು. ಇಲ್ಲ ಎನ್ನಲು ಅವರಿಗೆ ದಾರಿಯಿರಲಿಲ್ಲ. "ಹಾಸನದಿಂದ ಬಂದಿರೋದು ಇಷ್ಟೇ ಮಾಲು. ಮತ್ತೆ ಯಾವಾಗ ಬರ್ತದೋ ಗೊತ್ತಿಲ್ಲ. ಭೂತಯ್ಯನಿಗೆ ಅಂತ ಎರಡು ಸ್ಟ್ರಿಪ್ ಎತ್ತಿಟ್ಟಿದ್ದೀನಿ," ಎಂದರು. ಆ ಎರಡನ್ನೂ ನಾನೇ ತಲುಪಿಸುತ್ತೇನೆಂದು ಹೇಳಿ ತೆಗೆದುಕೊಂಡೆ. ಮನಸ್ಸಿನಲ್ಲಿ ಮೋಸವಿರಲಿಲ್ಲ. ಕಾಲೇಜಿಗೆ ಬಂದು ದಾಸ್ತಾನು ಪುಸ್ತಕಕ್ಕೆ ಏರಿಸಿದ ಮೇಲೆ ಅವು ಸಮಿತಿಯ ಸ್ವತ್ತಾದವು. ಸಮಿತಿಯ ಸ್ವತ್ತನ್ನು ಅಡುಗೆಯವನಿಗೆ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ನಿಯಮ ಬರೆದವನನ್ನು ಮನಸ್ಸಿನಲ್ಲೇ ಬೈದುಕೊಂಡು, ಅರ್ಜಿ ಕೊಡುವಂತೆ ಭೂತಯ್ಯನಿಗೆ ಹೇಳಿದೆ. ಅವನು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಅರ್ಜಿ ಬರೆದ. ಸಹಿ ಮಾಡುವ ಮೊದಲು ನಿದ್ದೆಹೋದ. ಸಹಿಯಿಲ್ಲದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ.

ವಿತರಣೆ ಏಪ್ರಿಲ್ ಒಂದರಿಂದ ಆರಂಭವಾಯಿತು. ಬೆಳಿಗ್ಗೆ ಎಂಟಕ್ಕೆ ಹಾಜರಿ, ಎಂಟೂ ಕಾಲಕ್ಕೆ ಮಾತ್ರೆ. ಆರೋಗ್ಯವಂತರಾದ ಕಳಸದ ಐವರು ಬಾಗಿಲಾಚೆ ನಿಂತು ನೋಡುತ್ತಿದ್ದರು. ತಮಗೆ ಅನ್ಯಾಯವಾಗಿದೆಯೆಂದು ಪ್ರಿನ್ಸಿಪಾಲರಿಗೆ ಮನವಿಯನ್ನೂ ಕೊಟ್ಟರು.

ಹಾಸ್ಟೆಲಿನಲ್ಲಿ ಹಿಂದೆಂದೂ ಕಾಣದ ಶ್ರದ್ಧೆ ಕಾಣಿಸಿತು. ಮೋಹಿತ್ ಆರು ನೋಟ್‌ಪುಸ್ತಕಗಳ ಪ್ರತಿ ಹಾಳೆಗೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮುಗಿಸಿದ. ಅವುಗಳಲ್ಲಿ ಬರೆಯಲು ಅವನಿಗೆ ಏನೂ ಗೊತ್ತಿರಲಿಲ್ಲ. ಇನ್ನೊಬ್ಬ ರಸಾಯನಶಾಸ್ತ್ರದ ಪುಸ್ತಕವನ್ನು ಪ್ರಕಾಶಕರ ವಿಳಾಸದ ಸಮೇತ ಬಾಯಿಪಾಠ ಮಾಡಿದ. ಒಬ್ಬರಿಗೊಬ್ಬರು ಕಾರಣವಿಲ್ಲದೆ ಜಗಳವಾಡಿದರು, ಕಾರಣವಿಲ್ಲದೆ ಅತ್ತರು. ನಾನು ಇದನ್ನೆಲ್ಲ "ಚಟುವಟಿಕೆಯಲ್ಲಿ ಗಣನೀಯ ಏರಿಕೆ" ಎಂದು ವಾರದ ವರದಿಯಲ್ಲಿ ಬರೆದೆ.

ದರ್ಶನ್‌ನನ್ನು ಮೊದಲು ಗಮನಿಸಿದವನು ಭೂತಯ್ಯ. ದಿನದಲ್ಲಿ ಒಂದೆರಡು ಗಂಟೆ ಎಚ್ಚರವಿರುತ್ತಿದ್ದ ಆ ಮನುಷ್ಯ, ದಿನವಿಡೀ ಎಚ್ಚರವಿದ್ದ ನನಗಿಂತ ಹೆಚ್ಚು ಕಂಡಿದ್ದ.

"ಸಾರ್, ಆ ಹುಡುಗ ನಾಲ್ಕು ದಿನದಿಂದ ತಟ್ಟೆ ಮುಟ್ಟಿಲ್ಲ. ಮಲಗೋದೂ ಇಲ್ವಂತೆ. ಬೇರೆಯವ್ರದ್ದೂ ಕೇಳಿ ಇಸ್ಕೊಂಡು ತಿಂತಿದ್ದಾನೆ. ಕೊಟ್ಟೋನು ನಾನೇ ಸಾರ್ ಮೊದ್ಲು. ನನಗೆ ಭಯ ಆಗ್ತದೆ."

"ಲಿಖಿತವಾಗಿ ಕೊಡು," ಎಂದೆ. ಬಾಯಿಗೆ ರೂಢಿಯಾಗಿಬಿಟ್ಟ ಮಾತು ಅದು, ಯೋಚಿಸಿ ಹೇಳಿದ್ದಲ್ಲ. ಆದರೂ ಕೋಣೆಗೆ ಹೋಗಿ ನೋಡಿದೆ. ದರ್ಶನ್ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಕಣ್ಣು ಕೆಂಪಗೆ, ತುಟಿ ಒಡೆದಿತ್ತು.

"ಊಟ ಯಾಕೆ ಮಾಡ್ತಿಲ್ಲ?"

"ಹಸಿವಾಗಲ್ಲ ಸಾರ್. ಇದೊಂದು ಪರೀಕ್ಷೆ ಮುಗೀಲಿ. ಅಪ್ಪ ಎಸ್ಟೇಟಿನಲ್ಲಿ ಎಲ್ಲರ ಹತ್ರ ಹೇಳಿಬಿಟ್ಟಿದ್ದಾರೆ, ಮಗ ಫಸ್ಟ್ ಕ್ಲಾಸ್ ಅಂತ."

ನಾನು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು, ಎಳೆದುಕೊಂಡು ಹೋಗಿ ಊಟಕ್ಕೆ ಕೂರಿಸಬಹುದಿತ್ತು. ಹಾಗೆ ಮಾಡಲು ಯಾವ ನಿಯಮವೂ ಅಡ್ಡಿಯಿರಲಿಲ್ಲ. "ಒಳ್ಳೇದಾಗಲಿ," ಎಂದು ಹೇಳಿ ಬಾಗಿಲು ಎಳೆದುಕೊಂಡು ಬಂದೆ.

ಭೌತಶಾಸ್ತ್ರದ ಪರೀಕ್ಷೆ ಬೆಳಿಗ್ಗೆ ಒಂಬತ್ತೂವರೆಗೆ. ಆ ಕೊಠಡಿಯ ಮೇಲ್ವಿಚಾರಕ ನಾನೇ. ಮೊದಲನೆಯ ಪ್ರಶ್ನೆ ಎರಡು ಅಂಕದ್ದು, ಒಂದು ವ್ಯಾಖ್ಯೆ ಕೊಡಬೇಕು. ದರ್ಶನ್ ಬರೆಯತೊಡಗಿದ. ಹತ್ತೂವರೆಗೆ ಹೆಚ್ಚುವರಿ ಹಾಳೆ ಕೇಳಿದ. ಹನ್ನೊಂದಕ್ಕೆ ಮತ್ತೆ, ಆಮೇಲೆ ಮತ್ತೆ ಮತ್ತೆ ಕೇಳಿದ. ಹುಡುಗ ಬರೆಯುತ್ತಿದ್ದಾನೆಂದು ನನಗೆ ಹೆಮ್ಮೆಯಾಯಿತು. ಹನ್ನೊಂದೂವರೆಗೆ ಬಗ್ಗಿ ನೋಡಿದೆ. ಏಳನೆಯ ಹೆಚ್ಚುವರಿ ಹಾಳೆಯಲ್ಲೂ ಅವನು ಮೊದಲನೆಯ ಪ್ರಶ್ನೆಯಲ್ಲೇ ಇದ್ದ.

"ದರ್ಶನ್, ಮುಂದಿನ ಪ್ರಶ್ನೆಗೆ ಹೋಗು."

"ಇದು ಇನ್ನೂ ಸರಿಯಾಗಿಲ್ಲ ಸಾರ್." ಅವನ ಬೆರಳು ನಡುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, ಬಹಳ ವಿನಯದಿಂದ, "ಸಾರ್, ಹಾಳೆ ಮೇಲೆ ಇರುವೆ ಹರೀತಾ ಇದಾವೆ," ಎಂದ.

ನೋಡಿದೆ. ಇರುವೆಗಳಿರಲಿಲ್ಲ. ಇನ್ನೊಂದು ಹಾಳೆ ಕೇಳಲೆಂದು ಅವನು ಎದ್ದು ನಿಂತ. ನಿಂತವನು ಬೆಂಚಿನ ಮೂಲೆಗೆ ತಲೆ ತಾಗಿಸಿಕೊಂಡು ನೆಲಕ್ಕೆ ಬಿದ್ದ.

ಅವನ ಮಣಿಕಟ್ಟು ಹಿಡಿದೆ. ನಾಡಿ ಎಣಿಸಲು ಆಗಲಿಲ್ಲ. ಬೆರಳಿನ ಕೆಳಗೆ ಹಕ್ಕಿಯೊಂದು ಬಡಿದುಕೊಂಡ ಹಾಗೆ ಓಡುತ್ತಿತ್ತು. ನನ್ನ ನಿಯಮಾವಳಿಯ ಒಂದಕ್ಷರವೂ ಆಗ ನೆನಪಿಗೆ ಬರಲಿಲ್ಲ. ಯಾರೋ ಓಡಿಹೋಗಿ ಹೇಳಿದರು. ಸಫ್ದರ್ ಸಾಹೇಬರು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ತಮ್ಮ ವ್ಯಾನು ತಂದರು. ಹಿಂದಿನ ಸೀಟಿನಲ್ಲಿ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಚಿಕ್ಕಮಗಳೂರಿನ ದಾರಿ ಅಷ್ಟು ಉದ್ದವಿದೆಯೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಆಲ್ದೂರು ದಾಟುವಾಗ ದರ್ಶನ್ ಕಣ್ಣು ಬಿಟ್ಟು ಆ ವ್ಯಾಖ್ಯೆಯ ಎರಡನೆಯ ಸಾಲನ್ನು ಹೇಳಿ, ಮತ್ತೆ ಮುಚ್ಚಿದ.

ಸಫ್ದರ್ ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. "ಸಾರ್, ಭೂತಯ್ಯನ ಎರಡು ಸ್ಟ್ರಿಪ್ ಕೊಟ್ರಾ?"

ನಾನು ಹುಡುಗನ ತಲೆಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡೆ. ಅವರು ಮತ್ತೆ ಕೇಳಲಿಲ್ಲ.

ಆಸ್ಪತ್ರೆಯ ಯುವ ವೈದ್ಯರು ಎರಡು ಗಂಟೆಯ ನಂತರ ಹೊರಬಂದರು. "ಎಷ್ಟು ಮಾತ್ರೆ ತಗೊಳ್ತಿದ್ದ?"

"ದಿನಕ್ಕೆ ಒಂದು. ಸಾಲ ಪಡೆದದ್ದು ಸೇರಿ ಐದೋ ಆರೋ."

"ಯಾರ ಸಲಹೆ ಮೇಲೆ?"

"ಸಮಿತಿಯದು."

"ಇನ್ನೊಂದು ದಿನ ಕಳೆದಿದ್ರೆ ಹೃದಯ ತಡ್ಕೊಳ್ತಿರ್ಲಿಲ್ಲ. ಈಗ ಉಳ್ಕೊಂಡಿದ್ದಾನೆ. ಹೋಗಿ ಮನೆಯವರಿಗೆ ಹೇಳಿ," ಎಂದು ಒಳಗೆ ಹೋದರು.

ಮೂರನೆಯ ದಿನ ದರ್ಶನ್ ನೆಟ್ಟಗೆ ಕೂತ. ದಿಂಬಿನ ಕೆಳಗಿನ ಅಂಗಿಯ ಜೇಬಿನಿಂದ ಉಳಿದ ಮಾತ್ರೆಗಳನ್ನು ತೆಗೆದು ನನ್ನ ಕೈಗಿಟ್ಟ. "ಇದು ಭೂತಯ್ಯಂದು ಸಾರ್. ನನಗೆ ಯಾವತ್ತೂ ಬೇಡ." ಸೇವಿಸದ ಮಾತ್ರೆಯನ್ನು ಮೂರು ಪ್ರತಿಗಳಲ್ಲಿ ನಮೂನೆ ತುಂಬಿ ದಾಸ್ತಾನಿಗೆ ಹಿಂತಿರುಗಿಸಬೇಕೆಂದು ನಿಯಮವಿದೆ. ನಾನು ಅವನ್ನು ನೇರವಾಗಿ ಅಡುಗೆಮನೆಗೆ ಒಯ್ದು ಭೂತಯ್ಯನ ಎಡಗೈಗೆ ಕೊಟ್ಟು, ಪುಸ್ತಕದಲ್ಲಿ "ಇಲಿ ತಿಂದಿದೆ" ಎಂದು ಬರೆದೆ. ನನ್ನ ಸೇವಾವಧಿಯಲ್ಲಿ ನಾನು ಬರೆದ ಸುಳ್ಳುಗಳಲ್ಲಿ ಯಾರಿಗಾದರೂ ಉಪಯೋಗವಾದದ್ದು ಅದೊಂದೇ.

ವಿಚಾರಣೆಗೆ ನನ್ನನ್ನೇ ನೇಮಿಸಲಾಯಿತು. ಸಂಚಾಲಕ ಗಂಗಾಧರಪ್ಪನನ್ನು ಆಯೋಗದ ಗಂಗಾಧರಪ್ಪ ಎರಡು ದಿನ ಪ್ರಶ್ನಿಸಿ, ತಪ್ಪಿತಸ್ಥನೆಂದು ಬರೆದ. ದೇವರಾಜ ಅವರು ಆ ಕರಡನ್ನು ತಾಳ್ಮೆಯಿಂದ ಓದಿ ಬದಿಗಿಟ್ಟರು.

"ಭಾವುಕರಾಗ್ಬೇಡಿ. ಹುಡುಗನಿಗೆ ನಿದ್ರಾರೋಗ ಇತ್ತೋ ಇಲ್ವೋ?"

"ದಾಖಲೆಯಲ್ಲಿ ಇದೆ."

"ನಿದ್ರಾರೋಗ ಇದ್ದವನು ಇದ್ದಕ್ಕಿದ್ದ ಹಾಗೆ ಬಿದ್ರೆ ಅದಕ್ಕೆ ಏನಂತಾರೆ?"

ನಾನು ಪೆನ್ನಿನ ಮುಚ್ಚಳ ತೆಗೆದೆ.

"ನಿದ್ದೆ ಅಂತಾರೆ," ಎಂದರು.

ಹೀಗೆ, ಬಿ.ಎಸ್‌ಸಿ. ಅಂತಿಮ ವರ್ಷದ ದರ್ಶನ್ ಪರೀಕ್ಷಾ ಕೊಠಡಿಯಲ್ಲಿ ನಿದ್ದೆಹೋದನೆಂದೂ, ಮಾತ್ರೆಯ ಪ್ರಮಾಣ ಸಾಲದೆ ಹೀಗಾಗಿರಬಹುದೆಂದೂ ಆಯೋಗವು ತೀರ್ಮಾನಿಸಿತು. ಕೈಬರಹ ನನ್ನದು. ನನ್ನ ಮೊದಲ ಕರಡನ್ನು ಅನುಬಂಧವಾಗಿ ಸೇರಿಸಲು ಕೇಳಿಕೊಂಡೆ. ಸೇರಿಸುವುದಾಗಿ ಹೇಳಿದರು. ಅನುಬಂಧಗಳನ್ನು ಹೊಲಿಯಲು ದಾರ ಸಾಲಲಿಲ್ಲವೆಂದು ಆಮೇಲೆ ತಿಳಿಯಿತು.

ವರದಿಗೆ ಪೋಷಕರ ಸಹಿ ಬೇಕಿತ್ತು. ತಿಮ್ಮಪ್ಪನವರು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಎಸ್ಟೇಟಿನ ರೈಟರ್ ಆದ್ದರಿಂದ ಯಾವ ಕಾಗದವನ್ನೂ ಓದದೆ ಸಹಿ ಮಾಡುವವರಲ್ಲ. ಕನ್ನಡಕ ಹಾಕಿಕೊಂಡು ನಿಧಾನವಾಗಿ, ತುಟಿಯಾಡಿಸಿ ಓದಿದರು.

"ನನ್ನ ಮಗ ನಿದ್ದೆ ಮಾಡಿದ ಅಂತ ಉಂಟಲ್ಲ ಸಾರ್ ಇದರಲ್ಲಿ."

"ಕಡತದ ಪ್ರಕಾರ ಹೌದು," ಎಂದೆ. ಬೇರೆ ಏನೋ ಹೇಳಬೇಕೆಂದಿದ್ದೆ. ಸಹಿ ಮಾಡಬೇಕಾದ ಜಾಗ ತೋರಿಸಿದೆ.

ಅವರು ಒಳಗೆ ಮಂಚದ ಕಡೆ ನೋಡಿದರು. "ಒಂದು ವಾರದಿಂದ ಕಣ್ಣು ಮುಚ್ಚಿರಲಿಲ್ಲವಂತೆ. ನಿದ್ದೆ ಮಾಡಿದ್ದೇ ಹೌದಾದ್ರೆ ಒಳ್ಳೇದೇ ಆಯ್ತು ಬಿಡಿ," ಎಂದು ಹೇಳಿ, ಮೂರೂ ಪ್ರತಿಗಳಿಗೆ ದುಂಡಗೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ ನನಗೆ ಹಿಂತಿರುಗಿಸಿದರು.

ಆ ವರ್ಷ ದರ್ಶನ್ ಉತ್ತೀರ್ಣನಾಗಲಿಲ್ಲ. ಮರುವರ್ಷ ಮನೆಯಿಂದಲೇ ಓದಿ, ಹೊತ್ತಿಗೆ ಸರಿಯಾಗಿ ಮಲಗಿ, ಎರಡನೇ ದರ್ಜೆಯಲ್ಲಿ ಪಾಸಾದ. ಮಾತ್ರೆಯ ವರ್ಷ ನಮ್ಮ ಕಾಲೇಜಿನ ಫಲಿತಾಂಶ ಶೇಕಡ ಐವತ್ತೊಂದಕ್ಕೆ ಏರಿತು. ಉತ್ತೀರ್ಣರ ಪಟ್ಟಿಯ ಮೇಲ್ಭಾಗದಲ್ಲಿ ಕಳಸದ ಆರೋಗ್ಯವಂತರು ಐವರೂ ಇದ್ದರು. ಅದು ಕಾಕತಾಳೀಯವೆಂದು ಸಮಿತಿ ಅಭಿಪ್ರಾಯಪಟ್ಟಿತು. ಸಫ್ದರ್ ಸಾಹೇಬರು ನಮ್ಮ ಚೀಟಿಗಳನ್ನು ಮುಟ್ಟುವುದಿಲ್ಲವೆಂದು ಹೇಳಿದ್ದರಿಂದ ದಾಸ್ತಾನನ್ನು ಬೇರೆ ಊರಿನಿಂದ ತರಿಸುವ ವ್ಯವಸ್ಥೆಯಾಯಿತು. ನಾನು ಸಂಚಾಲಕ ಸ್ಥಾನಕ್ಕೆ ರಾಜೀನಾಮೆ ಬರೆದೆ. ಅದರ ಭಾಷೆ ಬಹಳ ಚೆನ್ನಾಗಿದೆಯೆಂದು ಮೆಚ್ಚಿ ಪ್ರವೇಶಾತಿ ಸಮಿತಿಗೂ ನನ್ನನ್ನೇ ಹಾಕಿದರು.

ಅದೇ ವರ್ಷ ಜೂನ್ ತಿಂಗಳಲ್ಲಿ ಪ್ರವೇಶ ಶುರುವಾಯಿತು. ಅರ್ಜಿ ನಮೂನೆಯಲ್ಲಿ ಹೊಸದೊಂದು ಕಾಲಂ ಬಂದಿತ್ತು: "ಅಭ್ಯರ್ಥಿಗೆ ನಿದ್ರಾರೋಗವಿದೆಯೇ? ಇದ್ದಲ್ಲಿ ಎಂದಿನಿಂದ?" ಮೊದಲ ದಿನ ಸರದಿಯಲ್ಲಿ ಮುಂದಿದ್ದವರು ರುಕ್ಮಿಣಮ್ಮ ಎಂಬ ತಾಯಿ. ಕೊಡೆ ಮಡಚಿ ಗೋಡೆಗೆ ಒರಗಿಸಿ, ಮಗಳು ದೀಪಶ್ರೀಯನ್ನು ಮುಂದೆ ನಿಲ್ಲಿಸಿದರು. ಹುಡುಗಿಗೆ ಎಂಬತ್ತೆರಡು ಶೇಕಡ ಬಂದಿತ್ತು. ಆ ಒಂದು ಕಾಲಂ ಮಾತ್ರ ಖಾಲಿ.

"ನಮ್ಮ ಮನೆಯಲ್ಲಿ ಯಾರಿಗೂ ಆ ಕಾಯಿಲೆ ಇಲ್ಲ ಸಾರ್," ಎಂದರು ತಗ್ಗಿದ ದನಿಯಲ್ಲಿ, ತಪ್ಪೊಪ್ಪಿಕೊಳ್ಳುವವರ ಹಾಗೆ. "ಸೀಟಿಗೆ ಏನಾದ್ರೂ ತೊಂದರೆ ಆಗ್ತದಾ?"

"ಏನೂ ತೊಂದರೆ ಇಲ್ಲಮ್ಮ. ಇಂಥ ಮಗಳಿಗೆ ಯಾವ ಕಾಯಿಲೆಯೂ ಬೇಡ," ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. ಹಿಂದೆ ನಿಂತಿದ್ದ ತಂದೆತಾಯಿಯರು ಕತ್ತು ಚಾಚಿ ನೋಡುತ್ತಿದ್ದರು. ಕೆಲವರ ಕೈಯಲ್ಲಿ ಆಗಲೇ ನಿದ್ರಾರೋಗದ ಚೀಟಿಗಳಿದ್ದವು. ಬೆಳಿಗ್ಗೆ ಐದರ ಬಸ್ಸಿಗೆ ಎದ್ದು ಬಂದಿದ್ದ ದೀಪಶ್ರೀ ಆಗ ಬಾಯಿಗೆ ಕೈ ಅಡ್ಡ ಹಿಡಿದು ಒಂದು ಸಣ್ಣ ಆಕಳಿಕೆ ತೆಗೆದಳು.

"ನೋಡಿ ಸಾರ್," ಎಂದರು ತಾಯಿ, ಮುಖ ಅರಳಿಸಿಕೊಂಡು. "ಈಗ ಆಕಳಿಸಿದ್ಲು. ನೀವೇ ಕಣ್ಣಾರೆ ನೋಡಿದ್ರಿ."

ಸಾಲು ಉದ್ದವಿತ್ತು. ಎಲ್ಲರೂ ನನ್ನ ಪೆನ್ನನ್ನೇ ನೋಡುತ್ತಿದ್ದರು. ನಾನು ಆ ಕಾಲಂನಲ್ಲಿ "ಆರಂಭಿಕ ಹಂತ" ಎಂದು ಬರೆದು, ಮೊಹರು ಒತ್ತಿ, ಮುಂದಿನವರನ್ನು ಕರೆದೆ.